ದಾರಿಯನ್ನೂ ಆಡಿಸಬೇಕು

ಮೊದಲ ಬಾರಿಗೆ ಗೇಮ್ ಮಾಸ್ಟರ್ ಆಗಿ ಕೂರುವವರಿಗೆ ಅನುಭವಿಗಳು ಹೇಳುವ ಮಾತುಗಳಲ್ಲಿ ಒಂದು ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಒಂದೇ ಥರ ಬರುತ್ತದೆ: ಪ್ರಯಾಣವನ್ನು ಆಡಿಸಲು ಹೋಗಬೇಡಿ. ‘ಮೂರು ದಿನ ನಡೆದು ಪಾಳುಕೋಟೆಯ ಬಾಗಿಲಿಗೆ ಬಂದಿರಿ’ ಎಂದು ಒಂದೇ ಉಸಿರಿನಲ್ಲಿ ದಾಟಿಸಿಬಿಡಿ, ನಿಜವಾದ ಆಟ ಇರುವುದು ಬಾಗಿಲಿನ ಒಳಗೆ. ಕೈ ಪಳಗಿದ ಮೇಲೆ ಬೇಕಾದರೆ ಕಾಡುಮೇಡು ಅಲೆಸಿ. ಹೀಗೆ ಹೇಳುವವರು ಹೊಸಬರ ಒಳಿತನ್ನು ಬಯಸಿಯೇ ಹೇಳುತ್ತಾರೆ, ಅವರಲ್ಲಿ ಹಲವರು ಬಹಳ ಚೆನ್ನಾಗಿ ಆಟ ನಡೆಸುವವರು. ಆದರೂ ಈ ಸಲಹೆಯನ್ನು ಒಪ್ಪಲು ನನ್ನಿಂದ ಆಗಿಲ್ಲ. ಹೊಸ ಗೇಮ್ ಮಾಸ್ಟರ್ ಪ್ರಯಾಣವನ್ನು ಮುಂದಕ್ಕೆ ಹಾಕಬಾರದು, ಅಲ್ಲಿಂದಲೇ ಶುರು ಮಾಡಬೇಕು ಎಂಬುದು ನನ್ನ ವಾದ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಅವರ ಜೊತೆ ಕೂತ ಗೇಮ್ ಮಾಸ್ಟರ್ ಆ ಪಾತ್ರಗಳ ಸುತ್ತಲಿನ ಲೋಕವಾಗುತ್ತಾರೆ. ಮಳೆ, ನೆಲ, ಊರು, ವೈರಿ, ದಾರಿಹೋಕ ಎಲ್ಲವೂ ಅವರೇ. ಆಟಗಾರರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಫಲ ಏನಾಗುತ್ತದೋ ತಿಳಿಯದ ಕಡೆ ದಾಳ ತೀರ್ಮಾನಿಸುತ್ತದೆ. ‘ಡಂಜನ್ಸ್ ಆಂಡ್ ಡ್ರಾಗನ್ಸ್’ ಇವುಗಳಲ್ಲಿ ಹಳೆಯದು, ಹೆಚ್ಚು ಹೆಸರಾದದ್ದು. ಬೆಂಗಳೂರಿನಲ್ಲೂ ಇದನ್ನು ಆಡುವ ಗುಂಪುಗಳಿವೆ. ನಿಯಮದ ಪುಸ್ತಕ ಇಂಗ್ಲಿಷಿನದಾದರೂ ಮೇಜಿನ ಮೇಲಿನ ಮಾತು ಕನ್ನಡದಲ್ಲಿ ನಡೆಯಲು ಯಾವ ಅಡ್ಡಿಯೂ ಇಲ್ಲ.

ಎದುರು ವಾದವನ್ನು ಅದರ ಪೂರ್ತಿ ಬಲದಲ್ಲೇ ನೋಡಬೇಕು. ದಾರಿ ಆಡಿಸಿ ಬೇಸರ ತಂದ ಮೇಜುಗಳು ಹೇಗಿರುತ್ತವೆ? ಆಟಗಾರರು ‘ನಾವು ಕೋಟೆಗೆ ಹೊರಟೆವು’ ಎನ್ನುತ್ತಾರೆ. ಗೇಮ್ ಮಾಸ್ಟರ್ ದಾಳ ಹಾಕುತ್ತಾರೆ, ನಾಲ್ಕು ತೋಳಗಳು ಬರುತ್ತವೆ. ಕಾದಾಟ ಮುಗಿಯಲು ಮುಕ್ಕಾಲು ಗಂಟೆ. ರಾತ್ರಿ ಮಲಗುತ್ತಾರೆ, ಬೆಳಿಗ್ಗೆ ಏಳುವಾಗ ಗಾಯವೆಲ್ಲ ಮಾಯ. ಎರಡನೆಯ ದಿನ ಇನ್ನೊಂದು ದಾಳ, ಇನ್ನೊಂದು ಹಿಂಡು. ಕೋಟೆ ಕಣ್ಣಿಗೆ ಬೀಳುವಷ್ಟರಲ್ಲಿ ಮನೆಗೆ ಹೋಗುವ ಹೊತ್ತು. ಇದರ ಹಿಂದೆ ನಿಯಮದ ಕಾರಣವೂ ಇದೆ. ‘ಡಂಜನ್ಸ್ ಆಂಡ್ ಡ್ರಾಗನ್ಸ್’ ಆಟದ 2014ರ ಐದನೇ ಆವೃತ್ತಿಯಲ್ಲಿ ಎಂಟು ಗಂಟೆಯ ದೀರ್ಘ ವಿಶ್ರಾಂತಿ ಕಳೆದುಹೋದ, ಪಾತ್ರದ ಪ್ರಾಣಬಲ ಅಳೆಯುವ ಹಿಟ್ ಪಾಯಿಂಟ್‌ಗಳನ್ನೆಲ್ಲ ತುಂಬಿಕೊಡುತ್ತದೆ, ಬಳಸಿದ ಮಂತ್ರಗಳೂ ಮರಳುತ್ತವೆ. ದಿನಕ್ಕೊಂದು ಕಾದಾಟ, ಪ್ರತಿ ರಾತ್ರಿ ಪೂರ್ಣ ಚೇತರಿಕೆ ಎಂದಮೇಲೆ ಆ ಕಾದಾಟದಿಂದ ಏನೂ ಬದಲಾಗುವುದಿಲ್ಲ. ಏನೂ ಬದಲಾಗದ ಘಟನೆಯನ್ನು ಮುಕ್ಕಾಲು ಗಂಟೆ ಆಡಿಸುವುದಕ್ಕಿಂತ ಬಿಟ್ಟುಬಿಡುವುದೇ ಮೇಲು. ಇಲ್ಲಿಯವರೆಗೆ ನಾನೂ ಅವರ ಜೊತೆಗಿದ್ದೇನೆ.

ಆದರೆ ಈ ಮೇಜಿನಲ್ಲಿ ಸೋತದ್ದು ಪ್ರಯಾಣವಲ್ಲ. ಅಲ್ಲಿ ಪ್ರಯಾಣ ನಡೆಯಲೇ ಇಲ್ಲ. ಆಟಗಾರರು ಹೊರಟಾಗ ಇದ್ದದ್ದು ಒಂದೇ ದಾರಿ. ಎಷ್ಟು ವೇಗವಾಗಿ ಹೋಗುತ್ತೀರಿ ಎಂದು ಯಾರೂ ಕೇಳಲಿಲ್ಲ, ಏನು ಹೊತ್ತಿದ್ದೀರಿ ಎಂದು ಕೇಳಲಿಲ್ಲ, ತೋಳಗಳು ಎಷ್ಟು ದೂರದಲ್ಲಿ ಕಂಡವು, ಅವಕ್ಕೆ ಇವರು ಕಂಡರೇ ಎಂಬುದೂ ಬರಲಿಲ್ಲ. ಊರಿಗೂ ಕೋಟೆಗೂ ನಡುವೆ ಕಿಟಕಿಯಿಲ್ಲದ ಓಣಿಯೊಂದನ್ನು ಕಟ್ಟಿ ಅದರಲ್ಲಿ ಎರಡು ಕಾದಾಟ ಇಟ್ಟಂತಾಯಿತು. ಆಯ್ಕೆಯೇ ಇಲ್ಲದ ದಾರಿಯನ್ನು ಒಂದು ವಾಕ್ಯದಲ್ಲಿ ಮುಗಿಸಿ ಎಂದರೆ ಸರಿ. ದಾರಿಯಲ್ಲಿ ಆಯ್ಕೆ ಇಡುವುದನ್ನು ಹೊಸಬರಿಗೆ ಕಲಿಸುವ ಬದಲು ದಾರಿಯನ್ನೇ ಬಿಡಿ ಎನ್ನುವುದು ಮಾತ್ರ ನನಗೆ ಒಪ್ಪಿತವಲ್ಲ.

ಈ ಆಟ ಹುಟ್ಟಿದಾಗ ಕಾಡು ಅದರ ಹೊರಾಂಗಣವಾಗಿರಲಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಮೊದಲ ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕಗಳಿದ್ದವು. ಮೂರನೆಯದರ ಹೆಸರು ‘ದಿ ಅಂಡರ್‌ವರ್ಲ್ಡ್ ಆಂಡ್ ವೈಲ್ಡರ್‌ನೆಸ್ ಅಡ್ವೆಂಚರ್ಸ್’. ನೆಲದಡಿಯ ಸುರಂಗಗಳಿಗೂ ಬಯಲಿನ ಕಾಡಿಗೂ ಶೀರ್ಷಿಕೆಯಲ್ಲೇ ಸಮಪಾಲು. ಆಟಕ್ಕೆ ಬೇಕಾದ ಸಾಮಗ್ರಿಗಳ ಪಟ್ಟಿಯಲ್ಲಿ ಆವಲಾನ್ ಹಿಲ್ ಕಂಪನಿಯ ‘ಔಟ್‌ಡೋರ್ ಸರ್ವೈವಲ್’ ಎಂಬ ಬೇರೆಯದೇ ಬೋರ್ಡ್ ಆಟದ ಹೆಸರಿತ್ತು. ಕಾಡು, ಬೆಟ್ಟ, ಮರುಭೂಮಿಗಳನ್ನು ಆರು ಮೂಲೆಯ ಮನೆಗಳಾಗಿ ಹೊಂದಿಸಿದ ಅದರ ಹಾಸನ್ನು ಎದುರಿಗೆ ಹರಡಿಕೊಂಡು ಪ್ರಯಾಣ ಆಡಿಸಬಹುದಿತ್ತು. ಆಗ ಆಟ ನಡೆಸಲು ಕೂತ ಪ್ರತಿಯೊಬ್ಬರೂ ಹೊಸಬರೇ. ಅವರಿಗೆ ಕೊಟ್ಟ ಸಲಹೆ ಕಾಡನ್ನು ಬಿಡಿ ಎಂದಲ್ಲ, ನಕ್ಷೆ ಬರೆಯಲಾಗದಿದ್ದರೆ ಈ ಹಾಸನ್ನು ಬಳಸಿ ಆಡಿಸಿ ಎಂದು.

1981ರಲ್ಲಿ ಡೇವಿಡ್ ಕುಕ್ ಮತ್ತು ಸ್ಟೀಫನ್ ಮಾರ್ಶ್ ಸಿದ್ಧಪಡಿಸಿದ ‘ಎಕ್ಸ್‌ಪರ್ಟ್’ ಪೆಟ್ಟಿಗೆ ಇನ್ನೂ ಮುಂದೆ ಹೋಯಿತು. ಅದರೊಳಗೆ ‘ದಿ ಐಲ್ ಆಫ್ ಡ್ರೆಡ್’ ಎಂಬ ಸಾಹಸವೂ ಬಂತು. ಅದನ್ನು ಬರೆದವರು ಕುಕ್ ಮತ್ತು ಟಾಮ್ ಮೋಲ್ಡ್‌ವೇ. ಹೊಸ ಗೇಮ್ ಮಾಸ್ಟರ್‌ಗೆ ಕೈಗಿಡಬಹುದಾದ ಪಠ್ಯಗಳಲ್ಲಿ ನನಗೆ ಇಂದಿಗೂ ಇದರ ಮೇಲೆಯೇ ಹೆಚ್ಚು ನಂಬಿಕೆ. ನಾವಿಕನೊಬ್ಬನ ದಿನಚರಿಯ ಪುಟಗಳು ಸಿಗುವುದರಿಂದ ಕಥೆ ಶುರು. ದೂರದ ದ್ವೀಪ, ಅದರ ಒಂದು ತುದಿಯಲ್ಲಿ ಏಳು ಹಳ್ಳಿ, ಹಳ್ಳಿಗಳ ಆಚೆ ದೊಡ್ಡ ಗೋಡೆ, ಗೋಡೆಯ ಆಚೆ ಕಾಡು, ಆ ಕಾಡಿನೊಳಗೆಲ್ಲೋ ಒಂದು ಕಪ್ಪು ಮುತ್ತು ಇದೆಯೆಂಬ ಮಾತು. ಆಟಗಾರರ ಕೈಗೆ ಕೊಡುವ ನಕ್ಷೆಯಲ್ಲಿ ದ್ವೀಪದ ಅಂಚು ಇದೆ, ಒಳಗೆ ಬಹುಪಾಲು ಖಾಲಿ. ಆ ಖಾಲಿಯನ್ನು ತುಂಬುವುದೇ ಆಟ. ಗೇಮ್ ಮಾಸ್ಟರ್‌ಗೆ ಇಲ್ಲಿ ಕಥೆ ನೆನಪಿಡುವ ಕೆಲಸವಿಲ್ಲ, ಯಾರು ಯಾರಿಗೆ ಮೋಸ ಮಾಡಿದರು, ಯಾವ ಗುಟ್ಟು ಯಾವಾಗ ಬಿಚ್ಚಬೇಕು ಎಂಬ ಹೊರೆಯಿಲ್ಲ. ತಂಡ ಎಲ್ಲಿಗೆ ಹೋಯಿತೋ ಅಲ್ಲಿ ಏನಿದೆಯೆಂದು ನೋಡಿ ಹೇಳಿದರೆ ಸಾಕು.

ಆ ಪೆಟ್ಟಿಗೆಯ ಪ್ರಯಾಣದ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ. ಕವಚ ತೊಡದ, ಹೊರೆಯಿಲ್ಲದ ಪಾತ್ರ ಬಯಲಿನಲ್ಲಿ ದಿನಕ್ಕೆ 24 ಮೈಲಿ ನಡೆಯುತ್ತದೆ. ಲೋಹದ ಕವಚ ತೊಟ್ಟರೆ 12. ದಟ್ಟ ಕಾಡು, ಜೌಗು, ಬೆಟ್ಟಗಳಲ್ಲಿ ಇದರ ಅರ್ಧ. ತಂಡದ ವೇಗವೆಂದರೆ ಎಲ್ಲರಿಗಿಂತ ನಿಧಾನವಾದವರ ವೇಗ. ದ್ವೀಪದ ನಕ್ಷೆಯಲ್ಲಿ ಒಂದು ಮನೆಗೆ 6 ಮೈಲಿ. ಅಂದರೆ ಕವಚ ತೊಟ್ಟ ಯೋಧನೊಬ್ಬನಿರುವ ತಂಡ ಕಾಡಿನಲ್ಲಿ ದಿನಕ್ಕೆ ಒಂದು ಮನೆ ದಾಟುತ್ತದೆ, ಅವನು ಕವಚವನ್ನು ಹಳ್ಳಿಯಲ್ಲಿ ಬಿಟ್ಟು ಹೊರಟರೆ ಎರಡು ಮನೆ. ಒಂದು ಚಿಕ್ಕ ಗುಣಾಕಾರ, ಅಷ್ಟೇ. ಆದರೆ ಹೊರಡುವ ಮೊದಲೇ ಮೇಜಿನ ಸುತ್ತ ನಿಜವಾದ ಮಾತುಕತೆ ಹುಟ್ಟುತ್ತದೆ. ಆರು ಮನೆಯಾಚೆಯ ಗುಡ್ಡಕ್ಕೆ ಮೂರು ದಿನದ ಆಹಾರ ಹೊತ್ತು ಬರಿಮೈಯಲ್ಲಿ ಹೋಗುವುದೇ, ಆರು ದಿನದ ಆಹಾರ ಹೊತ್ತು ಕವಚದಲ್ಲಿ ಹೋಗುವುದೇ? ಮಳೆಗಾಲದ ಮಲೆನಾಡಿನಲ್ಲಿ ಒಂದು ಸಲ ಚಾರಣ ಮಾಡಿದವರಿಗೆ ಈ ಲೆಕ್ಕ ಒಣ ಅಂಕಿಯಾಗಿ ಕಾಣುವುದಿಲ್ಲ. ಬೆನ್ನಿನ ಚೀಲ ಎರಡು ಕಿಲೋ ಹೆಚ್ಚಾದರೆ ಏರಿನಲ್ಲಿ ಏನಾಗುತ್ತದೆಂದು ಅವರ ಮೊಣಕಾಲಿಗೆ ಗೊತ್ತು.

ದಾರಿ ತಪ್ಪುವ ನಿಯಮ ಇದಕ್ಕಿಂತ ಸೊಗಸು. ಪ್ರತಿದಿನ ಬೆಳಿಗ್ಗೆ ಗೇಮ್ ಮಾಸ್ಟರ್ ಆರು ಮುಖದ ಒಂದು ದಾಳ ಹಾಕುತ್ತಾರೆ. ಬಯಲು ಹುಲ್ಲುಗಾವಲಿನಲ್ಲಿ 1 ಬಿದ್ದರೆ ಮಾತ್ರ ತಂಡ ದಾರಿ ತಪ್ಪಿದೆ. ದಟ್ಟ ಕಾಡು ಅಥವಾ ಜೌಗಿನಲ್ಲಿ 1, 2, 3 ಯಾವುದು ಬಿದ್ದರೂ ತಪ್ಪಿದೆ. ಹಾದಿ ಹಿಡಿದವರಿಗೆ ಅಥವಾ ಹೊಳೆಯಂಥ ಗುರುತನ್ನು ಅನುಸರಿಸಿ ಹೊರಟವರಿಗೆ ಈ ದಾಳದ ಭಯವಿಲ್ಲ. ಈಗ ನಕ್ಷೆಯ ಮೇಲೆ ಒಂದು ಹೊಳೆ ಬರೆಯಿರಿ, ಅದು ಬಳಸಿಕೊಂಡು ಹೋಗಲಿ. ಹೊಳೆಯ ದಂಡೆ ಹಿಡಿದರೆ ಐದು ದಿನ, ದಾರಿ ತಪ್ಪುವುದಿಲ್ಲ, ಆದರೆ ನೀರಿಗೆ ಬರುವ ಎಲ್ಲವೂ ಆ ದಂಡೆಗೇ ಬರುತ್ತವೆ. ಕಾಡನ್ನು ನೇರವಾಗಿ ಸೀಳಿದರೆ ಮೂರು ದಿನ, ಪ್ರತಿ ಬೆಳಗೂ ಅರ್ಧಕ್ಕರ್ಧ ಅಪಾಯ. ಇಷ್ಟನ್ನು ಬಾಯಿಬಿಟ್ಟು ಹೇಳಿ ಸುಮ್ಮನಾದರೆ ಮುಂದಿನ ಹತ್ತು ನಿಮಿಷ ಆಟಗಾರರೇ ಆಟ ನಡೆಸುತ್ತಾರೆ.

‘ಬಾಯಿಬಿಟ್ಟು ಹೇಳಿ’ ಎಂಬುದನ್ನು ಒತ್ತಿ ಹೇಳಬೇಕು. ಹೊಸಬರಲ್ಲಿ ಒಂದು ನಂಬಿಕೆ ಇರುತ್ತದೆ: ಮುಂದೇನಿದೆ ಎಂದು ಮುಚ್ಚಿಟ್ಟಷ್ಟೂ ಕುತೂಹಲ ಹೆಚ್ಚು. ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ, ಎರಡರ ಬಗ್ಗೆಯೂ ಏನೂ ತಿಳಿಯದು ಎಂದಾಗ ಆಟಗಾರರು ಮಾಡುವುದು ನಾಣ್ಯ ಚಿಮ್ಮುವ ಕೆಲಸ, ಅದಕ್ಕೆ ಆಯ್ಕೆ ಎನ್ನಲಾಗದು. ಒಂದೊಂದು ದಾರಿಯ ಬೆಲೆ ಏನೆಂದು ಅರ್ಧವಾದರೂ ತಿಳಿದಿರಬೇಕು. ಹಳ್ಳಿಯ ಮುದುಕ ಹೇಳಿದ ಮಾತು, ಕೆಸರಿನಲ್ಲಿ ಮೂಡಿದ ಮೂರು ಬೆರಳಿನ ಹೆಜ್ಜೆ, ದಿಬ್ಬದ ಮೇಲೆ ನಿಂತಾಗ ದೂರದಲ್ಲಿ ಕಂಡ ಹೊಗೆ, ಕೂಲಿಗೆ ಬಂದ ದಾರಿತೋರುವವಳು ಒಂದು ಕಣಿವೆಯ ಹೆಸರೆತ್ತಿದಾಗ ಮಾತು ಬದಲಿಸಿದ್ದು, ಇಂಥವನ್ನು ಧಾರಾಳವಾಗಿ ಕೊಡಿ. ಪ್ರಯಾಣದ ವರ್ಣನೆಯ ಬಗ್ಗೆ ಹೊಸಬರಿಗಿರುವ ಭಯವೂ ಇಲ್ಲೇ ಕರಗುತ್ತದೆ. ಮಂಜು ಹೇಗಿತ್ತು, ಎಲೆಗಳ ಮೇಲೆ ಬೆಳಕು ಹೇಗೆ ಬಿತ್ತು ಎಂದು ಕಾವ್ಯ ಕಟ್ಟಬೇಕಿಲ್ಲ. ಆಟಗಾರರು ಅದರ ಬಗ್ಗೆ ಏನಾದರೂ ಮಾಡಬಹುದಾದ ಒಂದು ಸಂಗತಿ ಹೇಳಿದರೆ ವರ್ಣನೆಯಾಯಿತು. ‘ಸೂರ್ಯ ಇಳಿಯೋಕೆ ಇನ್ನೆರಡು ಗಂಟೆ ಇದೆ. ಇಲ್ಲಿ ನೀರಿದೆ, ಆದ್ರೆ ಮರೆಯಿಲ್ಲ. ಮುಂದಿನ ಗುಡ್ಡದಲ್ಲಿ ಗುಹೆ ಥರ ಏನೋ ಕಾಣ್ತಿದೆ. ಇಲ್ಲೇ ಉಳೀತೀರಾ, ಹೋಗ್ತೀರಾ?’ ಇಷ್ಟು ಹೇಳಿದ ಗೇಮ್ ಮಾಸ್ಟರ್ ಚೆನ್ನಾಗಿ ಆಟ ನಡೆಸಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಕೋಟೆಗೆ ಗೋಡೆಗಳಿವೆ. ಕೋಣೆಗೆ ಎರಡೋ ಮೂರೋ ಬಾಗಿಲು, ಆಟಗಾರರು ಎಲ್ಲಿಗೆ ಹೋಗಬಹುದೆಂದು ಮೊದಲೇ ಗೊತ್ತು. ಕಾಡಿಗೆ ಗೋಡೆಯಿಲ್ಲ, ಅವರು ಯಾವ ದಿಕ್ಕಿಗಾದರೂ ಹೋಗಬಹುದು, ಹೊಸಬರು ಎಷ್ಟೆಂದು ಸಿದ್ಧಪಡಿಸಿಕೊಂಡಾರು? ನೋಡಲು ಸರಿಯೆನಿಸುವ ಈ ಮಾತು ಲೆಕ್ಕಕ್ಕೆ ಕೂತಾಗ ಅಷ್ಟು ನಿಲ್ಲುವುದಿಲ್ಲ. ನಡುವೆ ಊರಿನ ಒಂದು ಮನೆ, ಅದರ ಸುತ್ತ ಆರು, ಅದರ ಸುತ್ತ ಹನ್ನೆರಡು, ಒಟ್ಟು ಹತ್ತೊಂಬತ್ತು. ಆರು ಮೈಲಿಯ ಮನೆಯಾದರೆ ಕಾಡಿನಲ್ಲಿ ವಾರಗಟ್ಟಲೆ ಆಡಲು ಇಷ್ಟು ನೆಲ ಸಾಕು. ಇವುಗಳಲ್ಲಿ ಆರೇಳು ಮನೆಗಳಲ್ಲಿ ಏನಾದರೂ ಇರಲಿ: ಒಂದು ಪಾಳು ಗೋಪುರ, ಯಾರೋ ಕಟ್ಟಿದ ತೂಗುಸೇತುವೆ, ಕಾಡುಜನರ ಒಂದು ಹಾಡಿ, ಹತ್ತಿರ ಹೋಗಬಾರದೆಂದು ಎಲ್ಲರೂ ಹೇಳುವ ಒಂದು ಕೆರೆ. ಒಂದೊಂದಕ್ಕೆ ಮೂರು ಸಾಲಿನ ಟಿಪ್ಪಣಿ. ಉಳಿದವು ಬರೀ ಕಾಡು, ಬರೀ ಗುಡ್ಡ.

ಇನ್ನು ಬೆನ್ ರಾಬಿನ್ಸ್ ತಮ್ಮ ‘ವೆಸ್ಟ್ ಮಾರ್ಚಸ್’ ಆಟದ ಬಗ್ಗೆ 2007ರಲ್ಲಿ ಬರೆದದ್ದರಲ್ಲಿ ಹೊಸಬರಿಗೆ ನೇರವಾಗಿ ಒದಗುವ ಒಂದು ಪದ್ಧತಿಯಿದೆ. ಅವರ ಆಟದಲ್ಲಿ ಊರು ಸುರಕ್ಷಿತ, ಸಾಹಸವೆಲ್ಲ ಊರಾಚೆ. ಮುಂದಿನ ಸಲ ಯಾವ ದಿಕ್ಕಿಗೆ ಹೋಗುತ್ತೇವೆಂದು ಆಟಗಾರರೇ ಮೊದಲೇ ಮಾತಾಡಿ ಗೇಮ್ ಮಾಸ್ಟರ್‌ಗೆ ತಿಳಿಸಬೇಕು. ಹಾಗಾದರೆ ಸಿದ್ಧತೆ ಬೇಕಾದದ್ದು ಆ ದಿಕ್ಕಿಗೆ ಮಾತ್ರ. ಕೋಟೆಯ ಮೂವತ್ತು ಕೋಣೆಗಳ ಬಲೆ, ಬಾಗಿಲು, ಬೀಗಗಳನ್ನು ತಲೆಯಲ್ಲಿಟ್ಟುಕೊಳ್ಳುವುದಕ್ಕಿಂತ ‘ಮುಂದಿನ ಶನಿವಾರ ಉತ್ತರದ ಗುಡ್ಡಕ್ಕೆ’ ಎಂಬ ಮಾತು ಪಡೆದು ಮೂರು ಮನೆಗಳಿಗೆ ಟಿಪ್ಪಣಿ ಬರೆಯುವುದು ಎಷ್ಟೋ ಹಗುರ.

ಕೋಟೆ ಸುಲಭ ಎಂಬ ಮಾತಿಗೆ ನನ್ನದು ಇನ್ನೊಂದು ಉತ್ತರವೂ ಇದೆ. ಸುರಂಗದೊಳಗೆ ಪ್ರತಿ ಕೋಣೆಯೂ ಬೇರೆ ಥರ, ಹೊಸಬರು ಪ್ರತಿ ಸಲವೂ ಹೊಸ ಸಮಸ್ಯೆಗೆ ಮುಖ ಕೊಡಬೇಕು. ಪ್ರಯಾಣಕ್ಕೆ ಒಂದು ಲಯವಿದೆ. ಬೆಳಗಾಯಿತು, ಯಾವ ಕಡೆ, ಯಾರು ಮುಂದೆ, ಹವೆ ಹೇಗಿದೆ, ದಾಳ, ಮಧ್ಯಾಹ್ನ ಏನು ಕಂಡಿತು, ಎಲ್ಲಿ ಬಿಡಾರ, ರಾತ್ರಿ ಕಾವಲು ಯಾರು, ಊಟ ಒಂದು ಕಡಿಮೆ ಮಾಡಿಕೊಳ್ಳಿ. ಮರುದಿನ ಮತ್ತೆ ಅದೇ. ಮೂರನೆಯ ದಿನಕ್ಕೆ ಗೇಮ್ ಮಾಸ್ಟರ್‌ಗೆ ಪುಸ್ತಕ ನೋಡುವ ಅಗತ್ಯವಿರುವುದಿಲ್ಲ, ನಾಲ್ಕನೆಯ ದಿನಕ್ಕೆ ಆಟಗಾರರೇ ‘ಇವತ್ತು ಮೊದಲ ಕಾವಲು ನಂದು’ ಎನ್ನುತ್ತಾರೆ. ಕಲಿಯುವವರಿಗೆ ಮರುಕಳಿಕೆಗಿಂತ ದೊಡ್ಡ ಸಹಾಯ ಯಾವುದು? ‘ದಿ ಒನ್ ರಿಂಗ್’ ಆಟವನ್ನು ರೂಪಿಸಿದ ಫ್ರಾನ್ಸೆಸ್ಕೊ ನೆಪಿತೆಲ್ಲೊ ಈ ಲಯವನ್ನು ಪಾತ್ರಗಳಿಗೇ ಹಂಚಿಕೊಟ್ಟರು. ಅಲ್ಲಿ ಪ್ರಯಾಣಕ್ಕೆ ಹೊರಟಾಗ ಒಬ್ಬರು ಮಾರ್ಗದರ್ಶಿ, ಒಬ್ಬರು ಮುಂದೆ ಹೋಗಿ ನೋಡುವವರು, ಒಬ್ಬರು ಬೇಟೆಗಾರರು, ಒಬ್ಬರು ಕಾವಲಿನವರು. ಯಾವ ಆಟ ಆಡುತ್ತಿದ್ದರೂ ಈ ನಾಲ್ಕು ಕೆಲಸಗಳನ್ನು ಎರವಲು ಪಡೆಯಬಹುದು. ಜಪಾನಿನ ಅತ್ಸುಹಿರೊ ಒಕಾಡಾ ಅವರ ‘ರ್ಯೂತಾಮಾ’ ಪೂರ್ತಿ ಪ್ರಯಾಣದ ಮೇಲೇ ನಿಂತ ಆಟ. ಅದರಲ್ಲಿ ನಾಯಕರು ವೀರರಲ್ಲ, ಊರು ಬಿಟ್ಟು ಹೊರಟ ಸಾಮಾನ್ಯ ಜನ. ದಿನದ ನಡಿಗೆ, ದಿಕ್ಕು ಹಿಡಿಯುವುದು, ಬಿಡಾರ ಹೂಡುವುದು ಇವಕ್ಕೇ ದಾಳ ಹಾಕುವ ಆಟವೊಂದನ್ನು ಜನ ಪ್ರೀತಿಯಿಂದ ಆಡುತ್ತಾರೆ.

ಇನ್ನು ದಾರಿಯಲ್ಲಿ ಎದುರಾಗುವವರ ವಿಷಯ. ಆಕಸ್ಮಿಕ ಭೇಟಿಯ ಪಟ್ಟಿಗಳಿಗೆ ಈಗ ಒಳ್ಳೆಯ ಹೆಸರಿಲ್ಲ. ಅವು ಕಥೆಗೆ ಸಂಬಂಧಿಸದ ಕಾದಾಟಗಳು ಎಂಬ ದೂರಿದೆ. ಪಟ್ಟಿಯಲ್ಲಿ ‘ಆರು ಓರ್ಕ್’ ಎಂದು ರಾಕ್ಷಸರ ಹೆಸರಿದ್ದನ್ನು ಓದಿ ಕೂಡಲೇ ಕತ್ತಿ ಎಳೆಯುವ ಪದ್ಧತಿಯಲ್ಲಿ ಆ ದೂರು ನಿಜ. ಆದರೆ ಹಳೆಯ ನಿಯಮಗಳು ಪಟ್ಟಿಯ ನಂತರ ಇನ್ನೂ ಎರಡು ದಾಳ ಹಾಕಿಸುತ್ತಿದ್ದವು, ಅವನ್ನು ನಾವು ಮರೆತೆವು. ಒಂದು ದೂರದ ದಾಳ. 1981ರ ನಿಯಮದಲ್ಲಿ ಹೊರಾಂಗಣದ ಭೇಟಿ 40ರಿಂದ 240 ಗಜದ ನಡುವೆ ಎಲ್ಲೋ ಆಗುತ್ತದೆ, ಸರಾಸರಿ 140 ಗಜ. ಇದು ಕ್ರಿಕೆಟ್ ಮೈದಾನದ ಒಂದು ಬೌಂಡರಿಯಿಂದ ಎದುರಿನ ಬೌಂಡರಿಗೆ ಇರುವ ದೂರಕ್ಕೆ ಹತ್ತಿರ. ಅಷ್ಟು ದೂರದಲ್ಲಿ ಕಂಡವರನ್ನು ನೋಡಿ ಅಡಗಬಹುದು, ಬಳಸಿ ಹೋಗಬಹುದು, ಹಿಂಬಾಲಿಸಬಹುದು, ಕೂಗಿ ಕರೆಯಬಹುದು. ಎರಡನೆಯದು ಎದುರಿನವರ ಮನೋಭಾವದ ದಾಳ. ಎರಡು ದಾಳಗಳನ್ನು ಒಟ್ಟಿಗೆ ಹಾಕಿ ಕೂಡಿಸಬೇಕು. ಮೊತ್ತ 2 ಬಂದರೆ ಮಾತ್ರ ಅವರು ನೋಡಿದ ತಕ್ಷಣ ಮೇಲೆ ಬೀಳುತ್ತಾರೆ, ಅದು 36ರಲ್ಲಿ ಒಂದು ಸಾಧ್ಯತೆ. 12 ಬಂದರೆ ಸ್ನೇಹಕ್ಕೇ ಮುಂದಾಗುತ್ತಾರೆ, ಅದೂ 36ರಲ್ಲಿ ಒಂದು. 6ರಿಂದ 8ರವರೆಗೆ ಬಂದರೆ ಅವರೂ ಏನು ಮಾಡಬೇಕೆಂದು ತೋಚದೆ ನಿಂತಿದ್ದಾರೆ. ಇದರ ಸಾಧ್ಯತೆ 36ರಲ್ಲಿ 16. ಆರು ಓರ್ಕ್‌ಗಳು ನೂರೈವತ್ತು ಗಜ ದೂರದಲ್ಲಿ ಏನು ಮಾಡಲೂ ತೋಚದೆ ನಿಂತಿವೆ ಎಂದಾಗ ಗೇಮ್ ಮಾಸ್ಟರ್ ಮನಸ್ಸಿನಲ್ಲಿ ತಾನಾಗಿ ಒಂದು ಪ್ರಶ್ನೆ ಏಳುತ್ತದೆ: ಯಾಕೆ? ಗಾಯಗೊಂಡಿವೆಯೇ, ಹಸಿದಿವೆಯೇ, ತಮ್ಮ ಒಡೆಯನಿಂದ ತಪ್ಪಿಸಿಕೊಂಡು ಬಂದಿವೆಯೇ? ಮೊದಲೇ ಬರೆದಿಟ್ಟುಕೊಳ್ಳದ ಕಥೆ ಹುಟ್ಟುವುದು ಇಲ್ಲಿ. ಹೊಸಬರಿಗೆ ತಾವೂ ಇದನ್ನು ಮಾಡಬಲ್ಲೆವೆಂಬ ಧೈರ್ಯ ಬರುವುದೂ ಇಲ್ಲೇ.

ಐದನೇ ಆವೃತ್ತಿ ಆಡಿಸುವವರು ಕೇಳುತ್ತಾರೆ: ಇದೆಲ್ಲ ಹಳೆಯ ಆಟಕ್ಕೆ ಸರಿ, ನಮ್ಮ ಆಟದಲ್ಲಿ ಹಸಿವೆಯೂ ಇಲ್ಲ, ದಾರಿ ತಪ್ಪುವುದೂ ಇಲ್ಲ. ಇದರಲ್ಲಿ ಸತ್ಯವಿದೆ. 2014ರ ನಿಯಮದಲ್ಲಿ ‘ಔಟ್‌ಲ್ಯಾಂಡರ್’ ಹಿನ್ನೆಲೆಯ ಒಂದು ಪಾತ್ರ, ನೆಲ ಕೊಡುವಂತಿದ್ದರೆ, ತನಗೂ ಇನ್ನೈವರಿಗೂ ದಿನದಿನದ ಆಹಾರ ಹುಡುಕಿ ತರುತ್ತದೆ. ‘ಗುಡ್‌ಬೆರಿ’ ಮಂತ್ರದ ಹತ್ತು ಹಣ್ಣುಗಳಲ್ಲಿ ಒಂದೊಂದೂ ಒಬ್ಬರಿಗೆ ಒಂದು ದಿನದ ಊಟ. ತಾನು ಬಲ್ಲ ನೆಲದಲ್ಲಿ ರೇಂಜರ್ ಎಂಬ ಬಗೆಯ ಪಾತ್ರ ಇರುವ ತಂಡ ಮಾಟಮಂತ್ರವಿಲ್ಲದೆ ದಾರಿ ತಪ್ಪುವುದಿಲ್ಲ. ಇವನ್ನು ಕಂಡು ಕೆಲವರು ಪ್ರಯಾಣ ಬಿಡುತ್ತಾರೆ, ಕೆಲವರು ಈ ಶಕ್ತಿಗಳನ್ನು ನಿಷೇಧಿಸುತ್ತಾರೆ. ಎರಡೂ ಬೇಡ. ಆಟಗಾರ ಇಷ್ಟಪಟ್ಟು ಆರಿಸಿದ ಶಕ್ತಿ ಅದು, ಅದಕ್ಕೆ ಬೆಲೆ ಸಿಗುವ ಜಾಗವೇ ಕಾಡು. ‘ನಾಲ್ಕು ದಿನ ನೀರಿಲ್ಲದ ಆ ಒಣಬಯಲನ್ನು ಬೇರೆ ಯಾರೂ ದಾಟಿಲ್ಲ, ನೀವು ದಾಟಬಹುದು’ ಎಂದು ತೋರಿಸಿ. ಶಕ್ತಿ ತೊಂದರೆಯನ್ನು ಅಳಿಸುತ್ತದೆ ಎನ್ನುವುದಕ್ಕಿಂತ ಹೊಸ ದಾರಿ ತೆರೆಯುತ್ತದೆ ಎಂದು ನೋಡಿದರೆ ಆಟ ದೊಡ್ಡದಾಗುತ್ತದೆ. ಅದೇ 2014ರ ನಿಯಮಗಳಲ್ಲಿ ವೇಗದ ಆಯ್ಕೆಯೂ ಇದೆ: ಬೇಗ ನಡೆದರೆ ದಿನಕ್ಕೆ 30 ಮೈಲಿ, ಸಾಧಾರಣ 24, ನಿಧಾನ 18. ಬೇಗ ನಡೆದವರಿಗೆ ಸುತ್ತಲಿನ ಅಪಾಯ ಕಾಣುವುದು ಕಡಿಮೆ, ನಿಧಾನ ನಡೆದವರು ಸದ್ದಿಲ್ಲದೆ ಸಾಗಬಹುದು. ಬಹಳ ಮೇಜುಗಳಲ್ಲಿ ಈ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಗಾಯಗಳು ಒಂದೇ ರಾತ್ರಿಯಲ್ಲಿ ಮಾಯವಾಗುವುದನ್ನು ಮಾತ್ರ ಸರಿಪಡಿಸಬೇಕು. ಗೇಮ್ ಮಾಸ್ಟರ್‌ಗಳ ಕೈಪಿಡಿಯಲ್ಲೇ ಒಂದು ಪರ್ಯಾಯ ನಿಯಮವಿದೆ: ರಾತ್ರಿಯ ಎಂಟು ಗಂಟೆಯ ನಿದ್ದೆಯನ್ನು ಚಿಕ್ಕ ವಿಶ್ರಾಂತಿಯೆಂದೂ ಏಳು ದಿನದ ಬಿಡುವನ್ನು ದೀರ್ಘ ವಿಶ್ರಾಂತಿಯೆಂದೂ ಎಣಿಸುವುದು. ಅದು ಬಿಗಿಯೆನಿಸಿದರೆ ಊರಿನಲ್ಲಿ, ಅಥವಾ ಊರಿನಷ್ಟೇ ಸುರಕ್ಷಿತವಾದ ಜಾಗದಲ್ಲಿ ಮಾತ್ರ ದೀರ್ಘ ವಿಶ್ರಾಂತಿ ಎಂದು ಮಾಡಿಕೊಳ್ಳಬಹುದು. ಆಟ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಿ, ಒಪ್ಪಿಗೆ ಪಡೆದು ಮಾಡಿ. ಆಗ ಎರಡನೆಯ ದಿನದ ತೋಳಗಳು ನಾಲ್ಕನೆಯ ದಿನದ ಸೇತುವೆಯ ಮೇಲೂ ನೆರಳು ಚೆಲ್ಲುತ್ತವೆ. ಗುಹೆ ಸಿಕ್ಕಿತು, ಒಬ್ಬ ಸನ್ಯಾಸಿಯ ಗುಡಿಸಲು ಸಿಕ್ಕಿತು ಎಂಬುದೇ ಒಂದು ಗಳಿಕೆಯಾಗುತ್ತದೆ.

ಒತ್ತಡ ಬೇಕು ಎಂದು ಗಡಿಯಾರವನ್ನು ತೀರಾ ಬಿಗಿ ಮಾಡಿದರೂ ಕೆಲಸ ಕೆಡುತ್ತದೆ. 2017ರ ‘ಟೂಂಬ್ ಆಫ್ ಅನೈಹಿಲೇಶನ್’ ಎಂಬ ಸಾಹಸ ಇದಕ್ಕೆ ಒಳ್ಳೆಯ ಉದಾಹರಣೆ. ಚಲ್ಟ್ ಎಂಬ ಕಾಡಿನ ನಾಡು, ಆಟಗಾರರಿಗೆ ಬಹುಪಾಲು ಖಾಲಿ ನಕ್ಷೆ, ಒಂದು ಮನೆಗೆ 10 ಮೈಲಿ, ಬಂದರಿನಲ್ಲಿ ಬಗೆಬಗೆಯ ದಾರಿತೋರುಗರು, ಒಬ್ಬೊಬ್ಬರಿಗೂ ತಮ್ಮದೇ ಆದ ಉದ್ದೇಶ. ಹೊಸದಾಗಿ ಪ್ರಯಾಣ ಆಡಿಸುವವರು ನೋಡಿ ಕಲಿಯಬೇಕಾದ ಸೊತ್ತು ಅಲ್ಲಿ ತುಂಬ ಇದೆ. ಆದರೆ ತಂಡವನ್ನು ಕಳುಹಿಸಿದ ನಿವೃತ್ತ ಸಾಹಸಿ ಶಾಪದಿಂದ ದಿನದಿನಕ್ಕೆ ಕ್ಷೀಣಿಸುತ್ತಿದ್ದಾಳೆ, ತಡವಾದರೆ ಸಾಯುತ್ತಾಳೆ. ಮನಸ್ಸಿರುವ ಆಟಗಾರರು ಏನು ಮಾಡುತ್ತಾರೆ? ಪಕ್ಕದ ಪಾಳು ನಗರವನ್ನು ನೋಡುವುದೇ ತಪ್ಪು ಎನಿಸಿ ನೇರ ನಡೆಯುತ್ತಾರೆ. ಅಷ್ಟು ಪ್ರೀತಿಯಿಂದ ಕಟ್ಟಿದ ಕಾಡು ನೋಡುವವರಿಲ್ಲದೆ ಉಳಿಯುತ್ತದೆ. ಅಲೆದಾಟಕ್ಕೆ ಬೇಕಾದದ್ದು ಆಹಾರದ ಲೆಕ್ಕದಂಥ, ಮಳೆಗಾಲದಂಥ ಒತ್ತಡ. ಅದು ತಂಡದ ಬೆನ್ನ ಮೇಲೆ ಇರುತ್ತದೆ, ಆದರೆ ಯಾವ ಕಡೆ ಹೋಗಬೇಕೆಂದು ಆದೇಶಿಸುವುದಿಲ್ಲ.

ಏನೂ ಆಗದ ದಿನಗಳ ಬಗ್ಗೆಯೂ ಹೊಸಬರಿಗೆ ಅಳುಕು ಬೇಡ. ದಾಳ ಹಾಕಿದಿರಿ, ಏನೂ ಎದುರಾಗಲಿಲ್ಲ. ‘ಇಡೀ ದಿನ ನಡೆದಿರಿ, ಕಾಡು ಬದಲಾಗಲಿಲ್ಲ, ಆಹಾರ ಒಂದು ದಿನದ್ದು ಕಳೆಯಿರಿ’ ಎಂದು ಅರ್ಧ ನಿಮಿಷದಲ್ಲಿ ಮುಂದೆ ಹೋಗಿ. ಪ್ರತಿ ಮನೆಯಲ್ಲೂ ಏನಾದರೊಂದು ತುರುಕಿದ ನಕ್ಷೆಯಲ್ಲಿ ಕಾಡಿಗೆ ವಿಸ್ತಾರವೇ ಇರುವುದಿಲ್ಲ, ಅದು ಜಾತ್ರೆಯಾಗುತ್ತದೆ.

ಅನುಭವಿಗಳ ಸಲಹೆ ಸರಿಯಾಗಿ ಕೂರುವ ಒಂದು ಜಾಗವನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ತಂಡ ಒಮ್ಮೆ ನಡೆದು, ನಕ್ಷೆ ತುಂಬಿ, ಗುರುತು ಹಾಕಿಕೊಂಡ ದಾರಿಯಲ್ಲಿ ಹಿಂದಿರುಗುವಾಗ ‘ನಾಲ್ಕು ದಿನದಲ್ಲಿ ಊರು ಸೇರಿದಿರಿ’ ಎಂದು ಒಂದು ವಾಕ್ಯದಲ್ಲಿ ದಾಟಿಸಿ. ಆ ವಾಕ್ಯವನ್ನು ಅವರು ಗಳಿಸಿದ್ದಾರೆ, ದಾರಿ ತಿಳಿದದ್ದರ ಫಲವೇ ಅದು. ಇದಕ್ಕೂ ಒಂದು ವಿನಾಯಿತಿ ಉಂಟು. 1981ರ ಲೆಕ್ಕದಲ್ಲಿ ಸಿಕ್ಕ ನಿಧಿಯನ್ನು ಹೊತ್ತವರ ವೇಗ ಇನ್ನೂ ಇಳಿಯುತ್ತದೆ. ಲೋಹದ ಕವಚದಲ್ಲಿ ಕಾಡನ್ನು ದಿನಕ್ಕೆ 6 ಮೈಲಿಯಂತೆ ದಾಟಿ ಬಂದ ಯೋಧ ಚಿನ್ನದ ಮೂಟೆ ಹೊತ್ತ ಮೇಲೆ ನಡೆಯುವುದು 3 ಮೈಲಿ. ಬರುವಾಗ ಆರು ದಿನ ಹಿಡಿದ ದಾರಿಗೆ ಹೋಗುವಾಗ ಹನ್ನೆರಡು ದಿನ ಬೇಕು, ಚೀಲದಲ್ಲಿ ಎಂಟು ದಿನದ ಆಹಾರ ಉಳಿದಿದೆ. ಕವಚ ಬಿಡುವುದೇ, ಚಿನ್ನವನ್ನು ಎಲ್ಲೋ ಹೂತಿಟ್ಟು ಮತ್ತೆ ಬರುವುದೇ, ಹಾಡಿಯ ಜನರಿಗೆ ಪಾಲು ಕೊಟ್ಟು ಅವರ ದೋಣಿ ಕೇಳುವುದೇ ಎಂದು ಮೇಜಿನ ಸುತ್ತ ಮಾತು ಏರುತ್ತಿದ್ದರೆ, ಆ ಹಿಂದಿರುಗುವ ದಾರಿಯನ್ನೂ ಬೆಳಗು ಬೆಳಗಾಗಿ ಆಡಿಸಿ.